ಮಲ್ಲಿಗಿ ಓಣಿಯ ಅರಿಷಿಣವ್ವ

ತಲೆ ಇಲ್ಲದ, ಕಣ್ಣಿಲ್ಲದ, ಹೊಟ್ಟೆ ಸಹ ಇಲ್ಲದ ಒಂದು ಲೋಳೆ ನಿಮ್ಮ ಅಡುಗೆಮನೆಯ ನಳದ ಪಕ್ಕ ಕೂತು, ಕೆಟ್ಟ ನೀರು ಬಂದ ಕೂಡಲೇ ‘ಕುಡೀಬ್ಯಾಡ್ರಿ’ ಎಂದು ತಿಳಿಸುವಂತಿದ್ದರೆ ಹೇಗೆ? ಈ ಪ್ರಶ್ನೆಯನ್ನು ನಾನು ಮೊದಲ ಸಲ ಸಭೆಯಲ್ಲಿ ಕೇಳಿದಾಗ ಹಿರಿಯರೆಲ್ಲ ಚಹಾದ ಬಸಿ ಕೆಳಗಿಟ್ಟು ನಕ್ಕಿದ್ದರು. ನಗಲಿ ಬಿಡಿ. ನಗುವವರಿಗೆ ನಾನು ಎಂದೂ ಹೆದರಿದವಳಲ್ಲ. ಕೇಳುವ ಮೊದಲೇ ಆಕಳಿಸುವವರನ್ನು ಕಂಡರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಲೋಳೆ ಇವತ್ತು ಧಾರವಾಡದ ಮನೆಮನೆಯಲ್ಲಿದೆ. ಅದು ಇನ್ನೇನು ಇಲ್ಲವಾಗಿಹೋಯಿತು ಎನ್ನುವಂತಿದ್ದ ಒಂದು ಬೇಸಿಗೆಯ ಕಥೆಯನ್ನು ನಿಮಗೆ ಹೇಳುತ್ತೇನೆ. ನನ್ನ ಹೆಸರು ವಿಮಲಾ ಹೆಬಸೂರ. ಊರ ಹೊರಗಿನ ನೀರುಗಾವಲು ಕೇಂದ್ರದಲ್ಲಿ ಹನ್ನೆರಡು ವರ್ಷಗಳಿಂದ ಈ ಲೋಳೆಯ ಮಾಸ್ತರಿಕೆ ಮಾಡುತ್ತಿದ್ದೇನೆ. ಮಾಸ್ತರಿಕೆ ಎಂದದ್ದು ತಮಾಷೆಗಲ್ಲ, ಮುಂದೆ ಗೊತ್ತಾಗುತ್ತದೆ.

ಪುಸ್ತಕದಲ್ಲಿ ಇದಕ್ಕೆ ಲೋಳೆಬೂಷ್ಟು ಎಂದು ಹೆಸರು. ನಿಜ ಹೇಳಬೇಕೆಂದರೆ ಬೂಷ್ಟೂ ಅಲ್ಲ, ಅಣಬೆಯೂ ಅಲ್ಲ, ಪ್ರಾಣಿಯಂತೂ ಅಲ್ಲವೇ ಅಲ್ಲ. ಕೊಳೆತ ಕಟ್ಟಿಗೆಯ ಮೇಲೆ, ಒದ್ದೆ ಎಲೆಗಳ ಅಡಿಯಲ್ಲಿ ಹಳದಿ ಬಲೆಯಂತೆ ಹರಡಿಕೊಂಡಿರುತ್ತದೆ. ಅಂಗೈಯಗಲ ಬೆಳೆದರೂ ಅದು ಒಂದೇ ಜೀವಕೋಶ. ಒಳಗೆ ಲಕ್ಷಗಟ್ಟಲೆ ಕೋಶಕೇಂದ್ರಗಳು ಒಂದೇ ರಸದಲ್ಲಿ ತೇಲಾಡುತ್ತಿರುತ್ತವೆ. ಹಳದಿ ನರಗಳಲ್ಲಿ ಆ ರಸ ಒಮ್ಮೆ ಆಚೆ ಹರಿಯುತ್ತದೆ, ಒಮ್ಮೆ ಈಚೆ ಹರಿಯುತ್ತದೆ, ಹಾಗೆ ಹರಿಯುತ್ತಲೇ ಅದು ಆಹಾರವಿದ್ದಲ್ಲಿಗೆ ನಿಧಾನಕ್ಕೆ ತೆವಳುತ್ತದೆ. ಪರದೇಶದವರು ಅದಕ್ಕೆ ಓಟ್ಸ್ ಹಾಕುತ್ತಾರೆ. ನಾವು ಅವಲಕ್ಕಿ ಹಾಕಿದೆವು. ಅದು ಒಂದು ಮಾತೂ ಆಡದೆ ತಿಂದಿತು.

ಇದಕ್ಕೆ ಮಿದುಳಿಲ್ಲದಿದ್ದರೂ ಪಾಠ ಹತ್ತುತ್ತದೆ. ಕ್ಲೋರಿನ್ ಹನಿಸಿದ ಹಾದಿಯ ಆ ತುದಿಗೆ ಅವಲಕ್ಕಿ ಇಟ್ಟರೆ ಮೊದಲ ದಿನ ಹಿಂದೆಮುಂದೆ ನೋಡುತ್ತದೆ. ಕೆಲವು ದಿನಗಳಲ್ಲಿ, ಇದರಿಂದ ತನಗೇನೂ ಆಗುವುದಿಲ್ಲವೆಂದು ತಿಳಿದು ನೆಟ್ಟಗೆ ದಾಟುತ್ತದೆ. ಗಟಾರದ ನೀರು ಬೆರೆತರೆ ಮಾತ್ರ ಮೈ ಮುದುಡಿಕೊಂಡು ಹಿಂದೆ ಸರಿಯುತ್ತದೆ. ಇದಕ್ಕಿಂತ ದೊಡ್ಡ ಸೋಜಿಗ ಇನ್ನೊಂದಿದೆ. ಪಾಠ ಕಲಿತದ್ದನ್ನು ಕಲಿಯದ ಇನ್ನೊಂದರ ಪಕ್ಕ ಇಟ್ಟರೆ ಎರಡೂ ಕೂಡಿಕೊಂಡು ಒಂದಾಗುತ್ತವೆ, ಕಲಿಯದ್ದಕ್ಕೂ ಪಾಠ ಬಂದುಬಿಡುತ್ತದೆ. ಆದರೆ ಹಾಗೆ ಕೂಡಲು ಎರಡಕ್ಕೂ ಒಂದೇ ಮನೆತನದ ಗುರುತು ಇರಬೇಕು. ಆ ಗುರುತು ವಂಶವಾಹಿಗಳಲ್ಲಿ ಬರೆದಿರುತ್ತದೆ. ಗುರುತು ಬೇರೆಯಾದರೆ ಮುಖ ತಿರುಗಿಸಿಕೊಂಡು ಹೋಗುತ್ತವೆ, ಕೆಲವೊಮ್ಮೆ ಒಂದು ಇನ್ನೊಂದನ್ನು ಕೊಂದೂ ಹಾಕುತ್ತದೆ.

ಹೀಗಾಗಿ ಊರಿನ ಡಬ್ಬಿಗಳಲ್ಲಿದ್ದದ್ದೆಲ್ಲ ನಮ್ಮ ಕೇಂದ್ರದ ಒಂದೇ ತಾಯಿ ಲೋಳೆಯ ತುಂಡುಗಳು. ತಾಯಿಯನ್ನು ನಾವು ‘ದೊಡ್ಡಾಕಿ’ ಎನ್ನುತ್ತಿದ್ದೆವು. ಪ್ರತಿ ಮನೆಯ ನಳದ ಪಕ್ಕ ಗಾಜಿನ ಮುಚ್ಚಳದ ಒಂದು ಡಬ್ಬಿ. ಅದರ ಒಂದು ತುದಿಗೆ ನಳದ ನೀರು ತೊಟ್ಟಿಕ್ಕುತ್ತದೆ. ಲೋಳೆ ಹಿಂದೆ ಸರಿದರೆ ಕೇಂದ್ರದ ಗೋಡೆಯ ಮೇಲಿನ ನಕಾಶೆಯಲ್ಲಿ ಆ ಮನೆಯ ಹಳದಿ ದೀಪ ಕೆಂಪಾಗುತ್ತದೆ. ಸತ್ತರೆ, ಇಲ್ಲವೇ ಅಲುಗಾಡಲಾರದಷ್ಟು ಸೊರಗಿದರೆ, ಆರಿಹೋಗುತ್ತದೆ. ಡಬ್ಬಿಗೆ ಕಾಗದದ ಸೀಲು ಹಾಕಿ ‘ತೆರೆದರೆ ದಂಡ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದವಳು ನಾನೇ.

ಮೊದಲ ಡಬ್ಬಿ ನಮ್ಮ ಮನೆಗೇ ಬಂತು. ನಮ್ಮ ಅತ್ತೆ ನೀಲವ್ವ ಬಗ್ಗಿ ನೋಡಿ, “ಅಯ್ಯ, ಅರಿಷಿಣಾ ಕಲಿಸಿ ಚೆಲ್ಲಿದಂಗ ಐತಲ್ಲ!” ಎಂದರು. ಅಂದಿನಿಂದ ಅದು ಅರಿಷಿಣವ್ವ. ನಮ್ಮ ಮಲ್ಲಿಗಿ ಓಣಿಯಿಂದ ಆ ಹೆಸರು ಊರೆಲ್ಲ ಹಬ್ಬಿತು.

ಆ ವರ್ಷ ಮಳೆಗಾಲದಿಂದ ಊರಿನ ನೀರಿಗೆ ಕ್ಲೋರಿನ್ ಬದಲು ಬೇರೆ ಔಷಧ ಹಾಕುವುದೆಂದು ತೀರ್ಮಾನವಾಗಿತ್ತು. ಚಳಿಗಾಲವಿಡೀ ಕೂತು ದೊಡ್ಡಾಕಿಗೆ ಹೊಸ ಔಷಧದ ಪಾಠ ಹೇಳಿಕೊಟ್ಟೆವು. ಕಲಿತಳು. ಇನ್ನು ಆಕೆಯ ಚೂರನ್ನು ಮನೆಮನೆಯ ಡಬ್ಬಿಗೆ ಮುಟ್ಟಿಸಿದರೆ ಮುಗಿಯಿತು. ಅಷ್ಟರಲ್ಲಿ ಒಂದು ಮುಂಜಾನೆ ನನ್ನ ಸಹಾಯಕ ಶ್ರೀವತ್ಸ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ. ಮೈಸೂರಿನ ಹುಡುಗ, ವಂಶವಾಹಿಗಳ ಮೇಲೆ ಡಾಕ್ಟರೇಟ್ ಮಾಡಿದವನು, ಬಹಳ ಮೆತ್ತಗೆ ಮಾತಾಡುತ್ತಾನೆ.

“ಮೇಡಂ, ದೊಡ್ಡಾಕಿ ಯಾಕೋ ಸರಿ ಇಲ್ಲ. ರಸ ಹರಿಯೋದೇ ನಿಧಾನ ಆಗಿದೆ. ಅಂಚೆಲ್ಲ ಬಿಳಿಚಿಕೊಂಡಿದೆ.”

“ಅವಲಕ್ಕಿ ಹಳೇದೇನೋ. ಬದಲಿ ಮಾಡು.”

“ಬದಲಾಯಿಸಿದೆ ಮೇಡಂ. ಇದು ಹಸಿವಲ್ಲ ಅನ್ಸುತ್ತೆ. ಇದು... ವಯಸ್ಸು.”

ನಾನು ಆತನ ಮೇಲೆ ರೇಗಿದೆ. ಆಮೇಲೆ ನಾನೇ ಬಗ್ಗಿ ನೋಡಿದೆ. ವಯಸ್ಸೇ. ಲೋಳೆಗೂ ಮುಪ್ಪು ಬರುತ್ತದೆ. ತುಂಡು ಮಾಡಿ ಸಾವಿರ ಕಡೆ ಇಟ್ಟರೂ ಪ್ರತಿ ತುಂಡಿನ ವಯಸ್ಸೂ ತಾಯಿಯ ವಯಸ್ಸೇ. ಅಂದರೆ ಊರಿನ ಎಲ್ಲ ಅರಿಷಿಣವ್ವಂದಿರೂ ಒಟ್ಟಿಗೇ ಮುದುಕಿಯರಾಗಿದ್ದರು. ಆ ವಾರವೇ ನಕಾಶೆಯ ಮೇಲೆ ದೀಪಗಳು ಒಂದೊಂದಾಗಿ ಆರತೊಡಗಿದವು.

ಮುಪ್ಪಿಗೆ ಮದ್ದು ಒಂದೇ: ಹೊಸ ಪೀಳಿಗೆ. ಲೋಳೆ ಉಪವಾಸ ಬಿದ್ದು ಮೈಮೇಲೆ ಬೆಳಕು ಬಿದ್ದರೆ ಸಾಸಿವೆಗಿಂತ ಸಣ್ಣ ಕಪ್ಪು ತಲೆಗಳನ್ನು ಎತ್ತುತ್ತದೆ. ಅವುಗಳಿಂದ ಬೀಜಕಣಗಳು ಉದುರುತ್ತವೆ. ಬೀಜಕಣದಿಂದ ಹೊರಬಂದ ಒಂಟಿ ಕೋಶ ಇನ್ನೊಂದು ಒಂಟಿ ಕೋಶವನ್ನು ಕೂಡಿದರೆ ಹೊಸ ಲೋಳೆ ಹುಟ್ಟುತ್ತದೆ, ಹಸುಗೂಸಿನ ವಯಸ್ಸಿನದು. ಆದರೆ ಕೂಡುವ ಎರಡೂ ಬೇರೆ ಬೇರೆ ಕುಲದವಾಗಿರಬೇಕು. ನಮ್ಮಲ್ಲಿ ಗಂಡು ಹೆಣ್ಣು ಎಂದು ಎರಡೇ. ಲೋಳೆಯಲ್ಲಿ ಅಂಥ ಕುಲಗಳು ಐದುನೂರಕ್ಕೂ ಮಿಕ್ಕಿವೆ. ಇಷ್ಟೆಲ್ಲ ಇದ್ದೂ ನಮ್ಮ ದೊಡ್ಡಾಕಿಯ ಬೀಜಕಣಗಳೆಲ್ಲ ಒಂದೇ ಕುಲದವು! ಯಾಕೆಂದರೆ ಆಕೆ ಒಂದೇ ಕೋಶದಿಂದ ಸ್ವಂತವಾಗಿ ಬೆಳೆದವಳು, ಮೊದಲಿನಿಂದಲೂ ಹಟಮಾರಿ. ಬೇರೆ ಊರುಗಳಿಂದ ತರಿಸಿದ ತಳಿಗಳ ಜೊತೆ ಕೂಡಿಸಿದೆವು. ಮಕ್ಕಳೇನೋ ಹುಟ್ಟಿದವು, ಒಂದಕ್ಕೂ ದೊಡ್ಡಾಕಿಯ ಮನೆತನದ ಗುರುತು ಇರಲಿಲ್ಲ. ಪಕ್ಕಕ್ಕಿಟ್ಟರೆ ತಾಯಿಯನ್ನು ಮುಟ್ಟದೆ ಸುತ್ತು ಹಾಕಿ ಹೋದವು. ಮುಟ್ಟದಿದ್ದರೆ ಪಾಠ ದಾಟುವುದೆಲ್ಲಿ?

ಮನೆಯಲ್ಲಿ ರೊಟ್ಟಿ ತಿನ್ನುತ್ತ ಈ ಗೋಳು ಹೇಳಿಕೊಂಡೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಒಂದ ಬೆಡಗಿನ್ಯಾಗ, ಒಂದ ಕುಲದಾಗ, ಬೀಗತನ ಆಗಂಗಿಲ್ಲ, ಅದು ಅದಕ್ಕೂ ಗೊತ್ತೈತಿ. ಹೊರಗಿನ ವರ ನೋಡ್ರಿ.”

“ನೋಡೇವ್ರಿ ಅತ್ತಿ. ಹತ್ತು ಕಡೆ ನೋಡೇವಿ. ಒಂದೂ ಕೂಡಿ ಬರವಲ್ದು.”

“ಹಂಗಾರ ಹತ್ತಿರದಾಗ ನೋಡ್ರಿ. ದೂರದ ಸಂಬಂಧಾನ ಯಾಕ ಬೇಕು?”

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಮಳೆಗಾಲಕ್ಕೆ ಮೊದಲು ಒಂದು ಶುಕ್ರವಾರ ಪರಿಶೀಲನಾ ಸಮಿತಿ ಬರುವುದಿತ್ತು. ಅಧ್ಯಕ್ಷರು ವಿಜಯಪುರದ ಮೇಟಿ ಸಾಹೇಬರು, ನಿವೃತ್ತ ಇಂಜಿನಿಯರ್, ಅವರು ನಕ್ಕದ್ದನ್ನು ಕಂಡವರಿಲ್ಲ. ಹೊಸ ಔಷಧದ ನೀರನ್ನು ಅರಿಷಿಣವ್ವ ಹೆದರದೆ ದಾಟಿದರೆ ಯೋಜನೆ ಉಳಿಯುತ್ತದೆ. ದಾಟದಿದ್ದರೆ ಮಳೆಗಾಲದ ಮೊದಲ ದಿನವೇ ಒಳ್ಳೆಯ ನೀರಿಗೂ ಊರತುಂಬ ಕೆಂಪು ದೀಪ, ಸುಳ್ಳು ಗಾಬರಿ. ಅಂಥ ಕಾವಲುಗಾರ್ತಿ ಯಾರಿಗೆ ಬೇಕು? ಪಾಠ ಬಲ್ಲವಳು ದೊಡ್ಡಾಕಿ ಒಬ್ಬಳೇ, ಆಕೆಯೋ ದಿನದಿನಕ್ಕೆ ಸೊರಗುತ್ತಿದ್ದಳು. ಹನ್ನೆರಡು ವರ್ಷ ನಾನು ಕೈಯಾರೆ ಉಣಿಸಿದ ಜೀವ ಅದು. ಲೋಳೆಗಾಗಿ ಯಾರಾದರೂ ಅಳುತ್ತಾರೆಯೇ ಎಂದು ಕೇಳಬೇಡಿ. ನಾನು ಅತ್ತಿದ್ದೇನೆ.

ಹೀಗಿರುವಾಗ ನಿಯಂತ್ರಣ ಕೊಠಡಿಯಲ್ಲಿ ಒಂದು ಚಮತ್ಕಾರ ನಡೆಯಿತು. ಮಲ್ಲಿಗಿ ಓಣಿಯಲ್ಲಿ ಆರಿಹೋಗಿದ್ದ ಒಂದು ದೀಪ ತಾನಾಗಿಯೇ ಹೊತ್ತಿಕೊಂಡಿತು! ಮರುದಿನ ಅದರ ಪಕ್ಕದ್ದು. ಆಮೇಲೆ ಎದುರಿನ ಸಾಲು. ಮೂರು ವಾರ ಕಳೆಯುವುದರಲ್ಲಿ ಓಣಿಗೆ ಓಣಿಯೇ ಹಳದಿಯಾಗಿ ಹೊಳೆಯುತ್ತಿತ್ತು. ನಮ್ಮ ಮನೆಯದೂ ಹೊತ್ತಿಕೊಂಡಿತ್ತು. ಅತ್ತೆಯನ್ನು ಕೇಳಿದರೆ, “ಹೆಣ್ಣು ಜೀವ ಅಲ್ಲೇನು, ಗಟ್ಟಿ ಇರ್ತೈತಿ, ತಾನ ಚೇತರಿಸಿಕೊಂಡಾಳ” ಎಂದು ಸಾರಿಗೆ ಒಗ್ಗರಣೆ ಕೊಟ್ಟರು. ಡಬ್ಬಿಯ ಸೀಲು ನೋಡಿದೆ, ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು. ಶ್ರೀವತ್ಸ ಐದಾರು ಮನೆ ತಿರುಗಿ ಬಂದ. ಎಲ್ಲ ಸೀಲುಗಳೂ ಸರಿಯಾಗಿದ್ದವು, ಎಲ್ಲ ಮನೆಯಲ್ಲೂ ಅವನಿಗೆ ಚಹಾ ಕೊಟ್ಟಿದ್ದರು.

ಎರಡು ದಿನ ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಉದ್ದನೆಯ ಒಂದು ಗ್ರಾಫ್ ಗೋಡೆಗೆ ಅಂಟಿಸಿದ.

“ಮೇಡಂ, ಇದು ಎಷ್ಟು ಅದ್ಭುತವಾಗಿದೆ ನೋಡಿ. ದೀಪ ಹೊತ್ತಿಕೊಂಡಿರೋದೆಲ್ಲ ಹಗಲಲ್ಲೇ. ಸಂಜೆ ಆಯ್ತು ಅಂದ್ರೆ ಒಂದೂ ಇಲ್ಲ, ಗೆರೆ ಕುಯ್ದ ಹಾಗೆ ನಿಂತುಬಿಡುತ್ತೆ. ಬೆಳಕಿಗೆ ಎಚ್ಚರ ಆಗೋ ವಂಶವಾಹಿ ಇರಬೇಕು. ಮುಪ್ಪನ್ನ ಹಿಂದಕ್ಕೆ ತಿರುಗಿಸ್ತಾ ಇದೆ.”

“ಮತ್ತ ಈ ಖಾಲಿ ಪಟ್ಟಿ ಏನಪಾ, ವಾರಕ್ಕೊಂದು?”

“ಅದು ಶುಕ್ರವಾರ ಮೇಡಂ. ಶುಕ್ರವಾರ ಒಂದೂ ಹೊತ್ತಿಕೊಂಡಿಲ್ಲ. ಗುರುವಾರ ಟ್ಯಾಂಕ್ ತೊಳೆದು ಕ್ಲೋರಿನ್ ಜಾಸ್ತಿ ಹಾಕ್ತಾರಲ್ಲ, ಅದರ ಪರಿಣಾಮ.”

ಎಷ್ಟು ಚಂದ ಕೂಡಿಬಂದಿತ್ತು! ನಾನೂ ನಂಬಿದೆ. ಇಬ್ಬರೂ ಕುಣಿಯುವುದೊಂದು ಬಾಕಿ. ಪ್ರಬಂಧಕ್ಕೆ ಹೆಸರು ಸಹ ಹುಡುಕಿದೆವು. ದೊಡ್ಡಾಕಿಯ ತಟ್ಟೆಯ ಮೇಲೆ ದೀಪಗಳನ್ನು ತೂಗುಬಿಟ್ಟೆವು. ಅದರಿಂದ ಆದದ್ದೇನು? ಬೆಳಕಿಗೆ ಆಕೆ ಇನ್ನಷ್ಟು ಕುಗ್ಗಿ ತಟ್ಟೆಯ ಮೂಲೆ ಹಿಡಿದಳು. ಸಮಿತಿ ಬರುವ ಹಿಂದಿನ ದಿನ, ಗುರುವಾರ ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳಿನಷ್ಟು ಮಾತ್ರ ಉಳಿದಿದ್ದಳು. ಶ್ರೀವತ್ಸ ದೀಪಗಳನ್ನು ಬಿಚ್ಚುತ್ತ ಮೂಗು ಒರೆಸಿಕೊಂಡ. ನಾನು ಬೈಯಬೇಕೆಂದುಕೊಂಡವಳು ಬೈಯದೆ ಮನೆಗೆ ಬಂದೆ.

ಮುಸ್ಸಂಜೆಯಾಗಿತ್ತು. ಅತ್ತೆ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಕೈಮುಗಿಯುತ್ತಿದ್ದರು. ಬಾಗಿಲು ಬಡಿದ ಸದ್ದಾಯಿತು. ಹೋಗಿ ತೆಗೆದರೆ ಹಿಂದಿನ ಓಣಿಯ ಮಾಬೂಬಿ, ಸೆರಗಿನಡಿಯಲ್ಲಿ ಒಂದು ಸ್ಟೀಲ್ ಬಟ್ಟಲು.

“ಅಕ್ಕಾರ, ಒಂದೀಟು ಅರಿಷಿಣವ್ವ ಕೊಡ್ತೀರೇನ್ರಿ?”

“ಈಗ ದೀಪ ಹಚ್ಚೇವಲ್ಲವಾ, ಹೆಂಗ ಕೊಡೋದು? ಮುಂಜಾನಿ ಬಾ,” ಎಂದು ಬಾಗಿಲು ಹಾಕಿಕೊಂಡೆ.

ಅಡುಗೆಮನೆಯ ಕಡೆ ನಡೆದೆ. ಕೊಡದಿಂದ ನೀರು ತುಂಬಿಕೊಂಡೆ. ತಂಬಿಗೆ ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು.

ಆಕೆ ಕೇಳಿದ್ದೇನು? ನಾನು ಹೇಳಿದ್ದೇನು?

ಹುಟ್ಟಿದಾಗಿನಿಂದ ಕೇಳಿ ಬೆಳೆದ ಮಾತು. ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಕೊಡಬಾರದು, ಲಕ್ಷ್ಮಿ ಹಿಂದೆಯೇ ಹೊರಟುಹೋಗುತ್ತಾಳೆ. ನಮ್ಮವ್ವ ಹೇಳುತ್ತಿದ್ದಳು, ಅವಳವ್ವ ಹೇಳುತ್ತಿದ್ದಳು. ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತ್ತು. ತಂಬಿಗೆಯನ್ನು ಅಲ್ಲೇ ಕುಕ್ಕಿ ಬರಿಗಾಲಲ್ಲಿ ಓಣಿಗೆ ಓಡಿದೆ.

“ಮಾಬೂಬಿ! ಏ ಮಾಬೂಬಿ! ನಿಲ್ಲವಾ! ನಾಳೆ ಮುಂಜಾನಿ ಖಂಡಿತ ಬಾ!”

ಆಕೆ ತಿರುಗಿ ನೋಡಿ ಅಚ್ಚರಿಯಿಂದ ಹೇಳಿದಳು, “ನಾಳೆ ಶುಕ್ರವಾರ ಅಲ್ಲೇನ್ರಿ ಅಕ್ಕಾರ? ನಿಮ್ಮ ಅತ್ತಿಯಾರು ಶುಕ್ರವಾರ ಕೊಡಂಗಿಲ್ಲ. ಸನಿವಾರ ಬರ್ತೀನ್ರಿ.”

ಶುಕ್ರವಾರ! ನಾನು ಓಣಿಯ ನಡುವೆ ನಿಂತು ನಗತೊಡಗಿದೆ. ನಕ್ಕು ನಕ್ಕು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮಾಬೂಬಿ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಬೆಳಕಿನ ವಂಶವಾಹಿಯಂತೆ, ಟ್ಯಾಂಕಿನ ಕ್ಲೋರಿನ್ ಅಂತೆ! ಇಬ್ಬರು ಡಾಕ್ಟರೇಟಿನವರು ಸೇರಿ ಗೋಡೆಗೆ ಅಂಟಿಸಿದ್ದು ಮಲ್ಲಿಗಿ ಓಣಿಯ ಹೆಂಗಸರು ಹೆಪ್ಪು ಕೊಡುವ ಹೊತ್ತನ್ನು.

ಒಳಗೆ ಬಂದರೆ ಅತ್ತೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು, ಸೊಂಟಕ್ಕೆ ಕೈಯಿಟ್ಟು ನಿಂತೆ. “ಅತ್ತೀ, ಏನ್ ಮಾಡೀರಿ ಇದು? ಎಲ್ಲಾ ಹೇಳ್ರಿ.”

ಹೇಳಿದರು. ಹೇಳುವಾಗ ಪಕ್ಕದ ಮನೆಯ ರೇಣವ್ವನನ್ನೂ ಕೂಗಿ ಕರೆದು ಕೂರಿಸಿಕೊಂಡರು, ಬೈಗುಳ ಹಂಚಿಹೋಗಲಿ ಎಂದು. ರೇಣವ್ವನ ಅರಿಷಿಣವ್ವ ಎಲ್ಲರದಕ್ಕಿಂತ ಮೊದಲು ಸೊರಗಿದ್ದಳಂತೆ. ಬಿಸಿಲು ತಾಕಿದರೆ ಸುಧಾರಿಸಿಯಾಳು ಎಂದು ರೇಣವ್ವ ಡಬ್ಬಿ ತೆರೆದು ಹಿತ್ತಲಲ್ಲಿ, ಸ್ನಾನದ ಒಲೆಗೆಂದು ಕಲಘಟಗಿ ಕಡೆಯಿಂದ ತರಿಸಿದ್ದ ಕಟ್ಟಿಗೆಯ ರಾಶಿಯ ಮೇಲಿಟ್ಟಳು. ಇಟ್ಟು, ಮಗಳ ಬಾಣಂತನಕ್ಕೆ ಗದಗಿಗೆ ಹೋದಳು. ಉಪವಾಸ, ಬಿಸಿಲು ಎರಡೂ ಸಿಕ್ಕವು.

“ಬಂದು ನೋಡ್ತೀನಿ, ಡಬ್ಬ್ಯಾಗ ಬರೇ ಕರೇ ಕರೇ ಸಾಸಿವಿ,” ರೇಣವ್ವ ಕೈ ತಿರುವಿದಳು. “ಸತ್ಲು ಅಂದ್ಕೊಂಡೆ. ಕಟಿಗಿ ಮ್ಯಾಲೆ ನೋಡಿದ್ರ ಹಚ್ಚ ಹಳದಿ ಅರಿಷಿಣವ್ವ, ಥಳಥಳ ಹೊಳಿಯಾಕತ್ತಾಳ! ಒಂದ ಚೂರು ಎತ್ತಿ ನಿಮ್ಮ ಅತ್ತಿಗೆ ತಂದು ಕೊಟ್ಟೆ.”

“ನಾ ನಮ್ಮ ಹಳೇದಕ್ಕ ಹಚ್ಚಿದೆ,” ಎಂದರು ಅತ್ತೆ. “ಹೆಪ್ಪು ಹಳಸಿದ್ರ ಮಂದಿ ಮನೀದು ತಂದು ಹಾಕಂಗಿಲ್ಲೇನು? ಹಂಗ. ಕೂಡಿಕೊಂಡ್ಲು.”

“ಮತ್ತ ಸೀಲು?”

“ಚಹಾದ ಹಬಿಗೆ ಹಿಡದ್ರ ಬಿಡ್ತೈತಿ. ಗಂಜಿ ಹಚ್ಚಿದ್ರ ಅಂಟತೈತಿ. ದಂಡ ಅಂತ ಬರದೀಯಲ್ಲ, ಮ್ಯಾಲೆ ನಿನ್ನ ಬಾಯಿಗೆ ಯಾರು ಬೀಳ್ತಾರ?”

ಕಲಘಟಗಿಯ ಕಟ್ಟಿಗೆಯಲ್ಲಿ ಯಾವನೋ ಕಾಡಿನ ವರ ಕೂತಿದ್ದ! ದೊಡ್ಡಾಕಿಯ ಬೀಜಕಣಗಳಿಗೆ ಅಲ್ಲೇ ಸಂಬಂಧ ಕುದುರಿತ್ತು. ಹುಟ್ಟಿದ ಮಗಳು ತಾಯಿಯ ಮನೆತನದ ಗುರುತನ್ನೇ ಹೊತ್ತು ಬಂದಿದ್ದಳು. ಇಲ್ಲದಿದ್ದರೆ ಹಳೆಯ ಲೋಳೆಯ ಜೊತೆ ಕೂಡುತ್ತಲೇ ಇರಲಿಲ್ಲ. ಹಳೆಯದರಿಂದ ಕ್ಲೋರಿನ್ ಪಾಠ ಈಗಾಗಲೇ ಬಂದಿರಬೇಕು. ಹೊಸ ಔಷಧದ ಪಾಠವೊಂದು ದೊಡ್ಡಾಕಿಯಿಂದ ದಾಟಿಬಿಟ್ಟರೆ ಗೆದ್ದೆವು.

“ಅತ್ತೀ, ನಾಳೆ ಮುಂಜಾನಿ ಒಂದು ಚೂರು ಕೊಡ್ರಿ. ಕೇಂದ್ರಕ್ಕ ಒಯ್ಯಬೇಕು.”

“ನಾಳೆ ಶುಕ್ರವಾರ.”

“ನಾ ಮನೀ ಸೊಸೀರಿ!”

“ಸೊಸಿ ಖರೆ. ಒಯ್ಯೋದು ಆಫೀಸಿಗೆ ಅಲ್ಲೇನು?”

“ಅತ್ತೀ, ಊರಿನ ನೀರಿನ ಪ್ರಶ್ನೆ ಇದು. ನಾ ಇಷ್ಟು ಓದಿದಾಕಿ, ಇಂಥಾದ್ದನ್ನೆಲ್ಲಾ...”

“ಓದೀಯಲ್ಲ. ಮತ್ತ ಈಗ ಮಾಬೂಬಿಗೆ ಯಾಕ ಇಲ್ಲಂದಿ?”

ರೇಣವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅತ್ತೆ ನನ್ನ ಮುಖ ನೋಡಿದರು. ನಾನು ಅಳುತ್ತೇನೇನೋ ಎನ್ನಿಸಿರಬೇಕು, ದನಿ ಇಳಿಸಿದರು.

“ಹುಚ್ಚಿ. ಹೊರಗ ಕೊಡಬಾರದು ಅಂದೆ. ಒಳಗ ಬರಬಾರದು ಅಂದ್ನೇನು? ಶುಕ್ರವಾರ ಲಕ್ಷ್ಮಿ ಮನಿಗೆ ಬಂದ್ರ ಇನ್ನೂ ಚಲೋ. ನಿನ್ನ ದೊಡ್ಡಾಕಿನ್ನ ಇಲ್ಲೇ ಕರಕೊಂಡು ಬಾ.”

ನಾನು ಅವರನ್ನು ಅಪ್ಪಿಕೊಂಡುಬಿಟ್ಟೆ. “ಏ ಬಿಡ, ಹಿಟ್ಟಿನ ಕೈ” ಎಂದು ಕೊಸರಿಕೊಂಡರು.

ಶುಕ್ರವಾರ ಮುಂಜಾನೆ ಶ್ರೀವತ್ಸ ದೊಡ್ಡಾಕಿಯ ತಟ್ಟೆಗೆ ಒದ್ದೆ ಬಟ್ಟೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಬಂದ. ಹಿಂದಿನ ಸಂಜೆ ಫೋನಿನಲ್ಲಿ ವಿಷಯ ಕೇಳಿದಾಗಿನಿಂದ ಅವನ ಮುಖದ ಬಣ್ಣ ಇಳಿದಿತ್ತು.

“ನಮ್ಮ ಅಜ್ಜಿನೂ ಹೀಗೇ ಮಾಡೋರು ಮೇಡಂ. ನಾನು ಹಾಸ್ಟೆಲ್‌ನಲ್ಲಿ ಪ್ಯಾಕೆಟ್ ಮೊಸರು ತಿಂದು ತಿಂದು ಮರೆತೇ ಹೋಗಿದ್ದೆ.”

ಅತ್ತೆ ಹೊಸ್ತಿಲಲ್ಲಿ ಅವನನ್ನು ತಡೆದು ನಿಲ್ಲಿಸಿದರು. ತಟ್ಟೆಗೆ ಆರತಿ ಎತ್ತಿ, ಎರಡು ಕಾಳು ಅಕ್ಕಿ ಹಾಕಿ ಒಳಗೆ ಕರೆದರು. ಅಕ್ಕಿ ನೇರ ಲೋಳೆಯ ಮೇಲೇ ಬಿತ್ತು. ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ.

ಹೆಬ್ಬೆರಳಿನಷ್ಟಿದ್ದ ದೊಡ್ಡಾಕಿಯನ್ನು ನಮ್ಮ ಡಬ್ಬಿಯಲ್ಲಿ, ಎಳೆಯವಳಿಂದ ಒಂದು ಬೆರಳಿನ ಅಂತರದಲ್ಲಿ ಇಟ್ಟೆವು. ಕೂಡಿದ ಮೇಲೆ ಪಾಠ ದಾಟಲು ಮೂರು ತಾಸಾದರೂ ರಸ ಹರಿಯಬೇಕು. ಅಷ್ಟರಲ್ಲಿ ಸಮಿತಿ ಕೇಂದ್ರಕ್ಕೆ ಹೋಗಿ, ತಟ್ಟೆಯ ಜಾಗ ಖಾಲಿ ಇದ್ದುದನ್ನು ಕಂಡು, ಅಲ್ಲಿನವರನ್ನು ವಿಚಾರಿಸಿ, ಕಾರು ತಿರುಗಿಸಿಕೊಂಡು ನಮ್ಮ ಓಣಿಗೇ ಬಂತು. ಮೇಟಿ ಸಾಹೇಬರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಏನ್ರೀ ಮೇಡಮ್ಮಾರ, ಪ್ರಯೋಗಾಲಯ ಬಿಟ್ಟು ಒಲಿ ಮುಂದ ಕುಂತೀರಿ?”

ನಾನು ಒಂದೂ ಮುಚ್ಚಿಡದೆ ಹೇಳಿದೆ. ಸೀಲು ಬಿಚ್ಚಿದ್ದು, ಗಂಜಿ, ಕಟ್ಟಿಗೆ, ಹೆಪ್ಪು, ಶುಕ್ರವಾರ, ಎಲ್ಲ. ನಮ್ಮ ಗ್ರಾಫಿನ ಕಥೆಯನ್ನು ಹೇಳುವಾಗ ಶ್ರೀವತ್ಸ ಡಬ್ಬಿಯ ಹಿಂದೆ ಅಡಗಿಕೊಳ್ಳಲು ನೋಡಿದ. ಮೇಟಿ ಸಾಹೇಬರು ನಗಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಮಣೆಯ ಮೇಲೆ ಕೂತು ಕನ್ನಡಕ ಏರಿಸಿದರು.

ಎಳೆಯವಳು ಬೀಸಣಿಗೆಯಂತೆ ಅಂಚು ಹರಡಿ ಮುಂದೆ ಬಂದಳು. ದೊಡ್ಡಾಕಿಯನ್ನು ಮುಟ್ಟುವಷ್ಟು ಹತ್ತಿರ ಬಂದು ನಿಂತುಬಿಟ್ಟಳು. ಹಿಂದೆ ಸರಿದರೆ ಎಲ್ಲ ಮುಗಿಯಿತು. ಹನ್ನೆರಡು ವರ್ಷದ ಪಾಠ, ಊರಿನ ಕಾವಲು, ಎಲ್ಲವೂ ಆ ಎರಡು ಹಳದಿ ಅಂಚುಗಳ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿತ್ತು. ಅತ್ತೆ ಮಾತ್ರ ನಿರಾಳವಾಗಿ ಕಾಳುಪಲ್ಯಕ್ಕೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು.

“ನಾಚ್ಕೊಳ್ಳಾಕತ್ತಾಳ, ಮೊದಲ್ನೇ ಭೇಟಿ ಅಲ್ಲೇನು?” ಎಂದಳು, ನೋಡಲು ಬಂದು ಕೂತಿದ್ದ ರೇಣವ್ವ.

ಆಗ ಮುಟ್ಟಿದಳು. ಮುಟ್ಟಿದಲ್ಲಿ ಅಂಚು ಕರಗಿತು. ಸ್ವಲ್ಪ ಹೊತ್ತಿಗೆ ದಾರದಂಥ ಒಂದು ನರ ಇಬ್ಬರ ನಡುವೆ ಮೂಡಿತು. ಶ್ರೀವತ್ಸ ಭೂತಗನ್ನಡಿ ಹಿಡಿದು ಬಗ್ಗಿದ. “ಹರೀತಾ ಇದೆ ಮೇಡಂ! ಮೊದಲು ಎರಡು ಬಡಿತ ಬೇರೆ ಬೇರೆ ಇತ್ತು, ಒಂದು ಚುರುಕು, ಒಂದು ನಿಧಾನ. ಈಗ... ಈಗ ಒಂದೇ ಆಯ್ತು!” ಅವನ ಮೆತ್ತನೆಯ ದನಿ ಓಣಿಗೆಲ್ಲ ಕೇಳಿಸಿತು. ನನ್ನ ಕಣ್ಣು ತುಂಬಿ ಬಂದು ಡಬ್ಬಿ ಕಾಣದಾಯಿತು.

ಮೂರು ತಾಸು ಯಾರೂ ಏಳಲಿಲ್ಲ. ಸಮಿತಿಯವರಿಗೆ ಅತ್ತೆ ಬಿಸಿ ರೊಟ್ಟಿ, ಕಾಳುಪಲ್ಯ, ಅಗಸಿ ಹಿಂಡಿ, ಗಟ್ಟಿ ಮೊಸರು ಬಡಿಸಿದರು. ಊಟ ಮುಗಿದು ಪರೀಕ್ಷೆಯ ಹೊತ್ತಾಯಿತು. ಹೋಲಿಸಿ ನೋಡಲು ಪಾಠ ಕಲಿಯದ ಇನ್ನೊಂದು ಬೇಕಿತ್ತು. ರೇಣವ್ವ ತನ್ನ ಡಬ್ಬಿ ತಂದಳು, ಆದರೆ ಯಾರ ಕೈಗೂ ಕೊಡಲಿಲ್ಲ, ಶುಕ್ರವಾರವಲ್ಲವೇ, ತನ್ನ ತೊಡೆಯ ಮೇಲೇ ಇಟ್ಟುಕೊಂಡು ಕೂತಳು. ಎರಡರಲ್ಲೂ ಹೊಸ ಔಷಧದ ನೀರು ಹನಿಸಿ, ಆ ತುದಿಗೆ ಅವಲಕ್ಕಿ ಇಟ್ಟೆವು.

ರೇಣವ್ವನ ಅರಿಷಿಣವ್ವ ನೀರಿನ ಅಂಚಿಗೆ ಬಂದು ತಡೆದು ನಿಂತಳು. ನಮ್ಮನೆಯವಳು ಒಂದು ಗಳಿಗೆಯೂ ತಡೆಯಲಿಲ್ಲ. ಔಷಧದ ಹಾದಿಯಲ್ಲೇ ನೆಟ್ಟಗೆ ನರ ಚಾಚಿ, ತನ್ನ ನಿಧಾನದಲ್ಲಿ ದಾಟಿ ಹೋಗಿ ಅವಲಕ್ಕಿಯನ್ನು ತಬ್ಬಿಕೊಂಡಳು. ಆಮೇಲೆ ಅದೇ ನೀರಿಗೆ ಗಟಾರದ ನೀರಿನ ಒಂದು ತೊಟ್ಟು ಬೆರೆಸಿ ಹನಿಸಿದೆ. ಮೈ ಮುದುಡಿ ಹಿಂದೆ ಸರಿದಳು. ಶ್ರೀವತ್ಸನ ಕೈಯಲ್ಲಿದ್ದ ಫೋನಿನಲ್ಲಿ ನಮ್ಮ ಮನೆಯ ದೀಪ ಕೆಂಪಾಯಿತು. ಅಷ್ಟು ಚಂದದ ಕೆಂಪನ್ನು ನಾನು ಜೀವಮಾನದಲ್ಲಿ ಕಂಡಿಲ್ಲ!

ಮನೆತುಂಬ ಗದ್ದಲವೋ ಗದ್ದಲ. ರೇಣವ್ವ ಡಬ್ಬಿ ಸಮೇತ ಎದ್ದು ನಿಂತು, “ನಮ್ಮನ್ಯಾಕಿಗೂ ಹಚ್ಚಬೇಕ್ರಿ, ನಾಳೆ ಮೊದಲ್ನೇ ಪಾಳಿ ನಂದು!” ಎಂದಳು. ನಾನು ಡಬ್ಬಿಯೊಳಗೆ ದೊಡ್ಡಾಕಿಯನ್ನು ಹುಡುಕಿದೆ. ತಾಯಿ ಎಲ್ಲಿ ಮುಗಿದಳು, ಮಗಳು ಎಲ್ಲಿ ಶುರುವಾದಳು ಎಂದು ಹೇಳುವುದಕ್ಕೆ ಒಂದು ಗೆರೆಯೂ ಉಳಿದಿರಲಿಲ್ಲ. ದುಃಖವಾಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ಆಕೆ ಹಸಿದಿದ್ದಳು, ಅಷ್ಟೇ. ಇನ್ನೆರಡು ಚಿಟಿಕೆ ಅವಲಕ್ಕಿ ಹಾಕಿದೆ.

ಸಂಜೆ ಸಮಿತಿ ಹೊರಟು ನಿಂತಿತು. ಮೇಟಿ ಸಾಹೇಬರು ಮಾತ್ರ ಅಂಗಳದಲ್ಲೇ ಸುಳಿದಾಡುತ್ತಿದ್ದರು. ಕೊನೆಗೆ ಒಳಗೆ ಬಂದು ಅತ್ತೆಯ ಮುಂದೆ ನಿಂತರು.

“ಅಮ್ಮಾರ, ನಮ್ಮ ವಿಜಯಪುರದಾಗೂ ನೀರಿನ ತ್ರಾಸ ಭಾಳ ಅದ. ಒಂದು ಚೂರು ಕೊಟ್ರ ಒಯ್ದು ಅಲ್ಲೂ ಶುರು ಮಾಡಸ್ತೀನಿ.”

ಅತ್ತೆ ದೇವರ ಕೋಣೆಯ ಕಡೆ ನೋಡಿದರು. ದೀಪ ಉರಿಯುತ್ತಿತ್ತು. ಸರ್ಕಾರವೇ ಬಂದು ಬಾಗಿಲಲ್ಲಿ ನಿಂತಿದೆ, ಇವತ್ತೊಂದು ದಿನ ಬಿಟ್ಟುಕೊಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ.

“ಶುಕ್ರವಾರ ಐತ್ರಿ. ಮ್ಯಾಲೆ ದೀಪಾನೂ ಹಚ್ಚೇವಿ,” ಎಂದರು ಅತ್ತೆ.

ಮೇಟಿ ಸಾಹೇಬರ ಮುಖದಲ್ಲಿ ಏನೋ ಸಡಿಲವಾಯಿತು. “ನಮ್ಮವ್ವನೂ ಕೊಡ್ತಿದ್ದಿಲ್ಲ ನೋಡ್ರಿ,” ಎಂದರು, “ನಾ ಬಟ್ಟಲಾ ಹಿಡ್ಕೊಂಡು ಬಂದವ್ರನ್ನ ಬಾಗಿಲದಾಗಿಂದ ತಿರುಗಿಸಿ ಕಳಸ್ತಿದ್ದೆ.” ಹಾಗೆ ಹೇಳುತ್ತ ನಕ್ಕರು. ನಾನೇ ಕಣ್ಣಾರೆ ನೋಡಿದ್ದೇನೆ, ಸಾಕ್ಷಿಗೆ ರೇಣವ್ವ ಇದ್ದಾಳೆ. ಅಂದು ರಾತ್ರಿ ಪ್ರವಾಸಿ ಮಂದಿರದಲ್ಲಿ ಉಳಿದರು.

ಶನಿವಾರ ಮುಂಜಾನೆ ಬಾಗಿಲು ತೆಗೆದರೆ ಕಟ್ಟೆಯ ಕೆಳಗೆ ಓಣಿಯುದ್ದಕ್ಕೂ ಬಟ್ಟಲು ಹಿಡಿದ ಹೆಂಗಸರು. ಹೇಳಿದಂತೆಯೇ ರೇಣವ್ವ ಮೊದಲನೆಯವಳು. ಅವಳ ಹಿಂದೆ ಮಾಬೂಬಿ. ಮಾಬೂಬಿಯ ಹಿಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರವಾಸಿ ಮಂದಿರದಿಂದ ಕೇಳಿ ತಂದ ಚಹಾದ ಬಸಿ ಹಿಡಿದು ಮೇಟಿ ಸಾಹೇಬರು. ನಾನು ಓಡಿಹೋಗಿ, “ಸರ್, ನೀವು ಮುಂದ ಬರ್ರಿ, ನಿಮಗ ದೂರದ ಹಾದಿ ಐತಿ,” ಎಂದೆ.

ಒಳಗಿನಿಂದ ಅತ್ತೆಯ ದನಿ ಬಂತು: “ಹಾದಿ ಎಷ್ಟ ದೂರರ ಇರಲಿ, ಪಾಳಿ ಪಾಳಿನ, ಮಾಬೂಬಿ ಗುರುವಾರದಿಂದ ಕಾಯಾಕತ್ತಾಳ.”

“ಹೌದ್ರೀ ಅಮ್ಮಾರ,” ಎಂದು ಮೇಟಿ ಸಾಹೇಬರು ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತರು.